ಎಡ ಹೆಗಲಿನ ಮುರಿದ ಪಟ್ಟೆ

ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಸಿನಿಮಾ ಎಂದರೆ ಇಷ್ಟೇ, ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿದ್ದರೆ ಪರದೆಯ ಮೇಲೆ ಹುಲಿ ಹಾರಿದಾಗ ಪಕ್ಕದ ಸೀಟಿನ ಕಡೆ ಬಾಗಿ, “ಅದೆಲ್ಲ ಗ್ರಾಫಿಕ್ಸ್ ಮಾರಾಯ, ಕಂಪ್ಯೂಟರ್ ಮಾಡ್ತದೆ” ಎಂದು ಜಾಣರ ಹಾಗೆ ಹೇಳುತ್ತಿರಲಿಲ್ಲ. ಆ ಕಂಪ್ಯೂಟರಿನ ಮುಂದೆ ಯಾರೋ ಕೂತಿರುತ್ತಾರೆ. ಹುಲಿಯ ಅಂಚಿನ ಸುತ್ತ ಗೆರೆ ಎಳೆದು, ಅದನ್ನು ಹಿಂದಿನ ರಸ್ತೆಯಿಂದ ಕತ್ತರಿಸಿ ತೆಗೆಯುತ್ತಾರೆ. ಒಂದು ಚಿತ್ರ ಮುಗಿದರೆ ಮುಂದಿನದು, ಅದು ಮುಗಿದರೆ ಅದರ ಮುಂದಿನದು. ಇದಕ್ಕೆ ರೋಟೋ ಎನ್ನುತ್ತಾರೆ. ಈಗ ತಾನಾಗಿಯೇ ಕತ್ತರಿಸುವ ಸಾಫ್ಟ್‌ವೇರ್ ಬಂದಿದೆಯಲ್ಲ ಎನ್ನುತ್ತೀರಿ. ಬಂದಿದೆ. ಹಳದಿ ಹುಲಿಯನ್ನು ಹಳದಿ ಗೋಡೆಯ ಮುಂದೆ ನಿಲ್ಲಿಸಿ ನೋಡಿ, ಬಾಲವನ್ನು ಗೋಡೆಗೇ ಬಿಟ್ಟು ಬರುತ್ತದೆ.

ಮಂಗಳೂರು ಕುಲಶೇಖರದ ಅನುಷ್ಕಾ ಆ ಬಾಲವನ್ನು ವಾಪಸು ತರುವ ಕೆಲಸದವಳು. ಅನಿಮೇಷನ್ ಮತ್ತು ವಿಷುಯಲ್ ಎಫೆಕ್ಟ್ಸ್ ಪದವಿಯ ಮೂರನೇ ವರ್ಷ. ವಯಸ್ಸು ಇಪ್ಪತ್ತೊಂದು, ಬೆನ್ನು ನೋವು ನಲವತ್ತರದ್ದು. ಕಾಲೇಜಿನ ಲ್ಯಾಬಿನಲ್ಲಿ ಒಂಬತ್ತನೇ ನಂಬರಿನ ಕಂಪ್ಯೂಟರ್ ಅವಳದ್ದು. ಅದು ಗಂಟೆಗೊಮ್ಮೆ ಸ್ತಬ್ಧವಾಗಿ ನಿಲ್ಲುತ್ತದೆ. ನಿಂತಾಗ ಅವಳು ಕೈಕಟ್ಟಿ ಕೂತು, ಇಡೀ ತರಗತಿಯಲ್ಲಿ ತಾನು ಅತಿ ಹೆಚ್ಚು ನೋಡುವ ಮುಖವನ್ನು ನೋಡುತ್ತಾಳೆ. ಅದು ಯಶ್ಮಿತಾಳ ಮುಖ.

ಯಶ್ಮಿತಾಳನ್ನು ಕಂಡರೆ ಅನುಷ್ಕಾಳಿಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ನಯವಾಗಿ ಹೇಳುವ ದಾರಿ ಇಲ್ಲ.

ಯಶ್ಮಿತಾ ಬಿಜೈಯವಳು. ತಂದೆ ತಾರಾನಾಥ ಶೆಟ್ಟರಿಗೆ ಎರಡು ಹೋಟೆಲು. ಮನೆಯ ಮಹಡಿಯಲ್ಲಿ ಅವಳಿಗೆಂದೇ ಒಂದು ಎಸಿ ಕೋಣೆ, ಅದರಲ್ಲಿ ಇಡೀ ಕಾಲೇಜಿನಲ್ಲಿ ಇಲ್ಲದಂಥ ಕಂಪ್ಯೂಟರು, ನೇರವಾಗಿ ಪರದೆಯ ಮೇಲೆಯೇ ಚಿತ್ರ ಬರೆಯಬಹುದಾದ ಟ್ಯಾಬ್ಲೆಟ್ಟು. ಕಾಲೇಜಿನವರು ಅದೇ ಕೋಣೆಗೆ ಹೋಗಿ ಫೋಟೋ ತೆಗೆದು, ಪ್ರವೇಶದ ಕರಪತ್ರದಲ್ಲಿ ‘ನಮ್ಮ ಸುಸಜ್ಜಿತ ಲ್ಯಾಬ್’ ಎಂದು ಅಚ್ಚು ಹಾಕಿಸಿದ್ದರು. ಆ ಕರಪತ್ರ ನೋಡಿಯೇ ಸೇರಿದ ಈ ವರ್ಷದ ಮಕ್ಕಳು ಈಗ ಒಂಬತ್ತನೇ ನಂಬರಿನ ಪಕ್ಕ ಹತ್ತನೇ ನಂಬರಿನ ಮುಂದೆ ಕೈಕಟ್ಟಿ ಕೂತಿದ್ದಾರೆ. ಕೇಳುವವರಿಲ್ಲ.

ಆದರೆ ಅನುಷ್ಕಾಳ ಕಿಚ್ಚು ಕಂಪ್ಯೂಟರಿನ ಬಗ್ಗೆ ಅಲ್ಲ, ಹಾಗಿದ್ದರೆ ಸುಲಭವಿತ್ತು. ಯಶ್ಮಿತಾ ಗೆರೆ ಎಳೆಯುವಾಗ ಹೆದರುವುದಿಲ್ಲ. ಸರ್ರನೆ ಎಳೆಯುತ್ತಾಳೆ, ತಪ್ಪಾದರೆ ನಗುತ್ತಾಳೆ, ಅಳಿಸಿ ಮತ್ತೆ ಎಳೆಯುತ್ತಾಳೆ. ಅನುಷ್ಕಾ ಪ್ರತಿ ಗೆರೆಯನ್ನೂ ಬಸ್ಸಿನ ಕೊನೆಯ ಟಿಕೆಟಿನ ಹಾಗೆ ಹಿಡಿದುಕೊಳ್ಳುತ್ತಾಳೆ. ಹೆದರದೆ ಬರೆಯುವುದು ಎಲ್ಲಿಂದ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮೂರು ತಲೆಮಾರು ಯಾರೂ ಬೈಯದ ಮನೆಯಿಂದ ಬರುತ್ತದೆ. ಅದನ್ನು ಕೊಡುವ ಅಂಗಡಿ ಮಂಗಳೂರಿನಲ್ಲಿ ಇಲ್ಲ.

ಇದೆಲ್ಲದರ ಮೇಲೆ ಹುಡುಗಿ ಒಳ್ಳೆಯವಳು. ಕ್ಯಾಂಟೀನಿನಲ್ಲಿ ಗೋಳಿಬಜೆಯ ತಟ್ಟೆಯನ್ನು ಮೊದಲು ಅನುಷ್ಕಾಳ ಕಡೆಗೆ ತಳ್ಳುತ್ತಾಳೆ. ಕೆಟ್ಟವಳಾಗಿದ್ದರೆ ದ್ವೇಷಿಸಿ ಸುಮ್ಮನಿರಬಹುದಿತ್ತು.

ಆ ಕ್ಯಾಂಟೀನಿನಲ್ಲೇ ಕಥೆ ಶುರುವಾದದ್ದು. ಕೊನೆಯ ವರ್ಷದ ಕಿರುಚಿತ್ರಕ್ಕೆ ಎಂತ ಮಾಡುವುದು ಎಂಬ ಮಾತು ಬಂದಾಗ ಅನುಷ್ಕಾ ಬಾಯಿ ತಪ್ಪಿ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟಳು. ನವರಾತ್ರಿಯ ಹುಲಿವೇಷದವನೊಬ್ಬ ರಸ್ತೆಯಲ್ಲಿ ಕುಣಿಯುತ್ತ ಕುಣಿಯುತ್ತ ನಿಜವಾದ ಹುಲಿಯಾಗುತ್ತಾನೆ. ಬಣ್ಣದ ಪಟ್ಟೆ ರೋಮದ ಪಟ್ಟೆಯಾಗುತ್ತದೆ. ಸುತ್ತಲಿನ ಪೇಟೆ ಕಾಡಾಗುತ್ತದೆ.

“ಸೂಪರ್ ಮಾರಾಯ್ತಿ!” ಎಂದು ಯಶ್ಮಿತಾ ಮೇಜು ಬಡಿದಳು. “ಮಾಡುವ ನಾವು. ನನ್ನ ಮೆಷಿನಲ್ಲಿ ರೆಂಡರ್ ಮಾಡುವ. ಇಲ್ಲಿದ್ದು ತಡೆಯುದಿಲ್ಲ, ಹೊಗೆ ಬರ್ಬಹುದು.”

ಎಲ್ಲರೂ ನಕ್ಕರು. ಅನುಷ್ಕಾಳೂ ನಕ್ಕಳು. ಯಾರ ಕಂಪ್ಯೂಟರಿನಲ್ಲಿ ಚಿತ್ರ ಮೂಡುತ್ತದೋ ಅವರೇ ನಿರ್ದೇಶಕರು ಎಂದು ಯಾರೂ ಹೇಳಲಿಲ್ಲ, ಆದರೆ ವಾರದೊಳಗೆ ಹಾಗೆಯೇ ಆಯಿತು. ಕಿರುಚಿತ್ರಗಳನ್ನು ನೋಡಿಕೊಳ್ಳುವ ಅಧ್ಯಾಪಕ ಇಜಾಝ್ ಸರ್ ಬರೆದುಕೊಂಡ ಪಟ್ಟಿಯಲ್ಲಿ ‘ನಿರ್ದೇಶನ, ಸಂಕಲನ: ಯಶ್ಮಿತಾ’ ಎಂದಿತ್ತು. ಕೆಳಗೆ ‘ರೋಟೋ: ಅನುಷ್ಕಾ’.

ಹುಲಿಯ ಮಾತು ಅನುಷ್ಕಾಳ ಬಾಯಿಗೆ ಬಂದದ್ದು ಸುಮ್ಮನೆ ಅಲ್ಲ. ಅವಳ ತಂದೆ ಬೋಜಣ್ಣ ಹುಲಿಗೆ ಬಣ್ಣ ಬರೆಯುವವರು. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದು ಆ ಕೆಲಸ ನುಂಗಿದ ಮೇಲೆ ಮನೆಗಳ ಗೋಡೆಗೆ ಪೇಂಟ್ ಹೊಡೆಯುತ್ತಾರೆ. ನವರಾತ್ರಿ ಬಂದರೆ ಮಾತ್ರ ಅವರು ಕಲಾವಿದರು. ವೇಷದವರು ಬೆಳಗಿನಿಂದ ಅಡ್ಡಗೋಲು ಹಿಡಿದು ಎರಡೂ ಕೈ ಚಾಚಿ ನಿಲ್ಲಬೇಕು. ಮೊದಲು ಮೈತುಂಬ ಹಳದಿ. ಅದು ಒಣಗುವ ತನಕ ಕೂರುವ ಹಾಗಿಲ್ಲ, ತುರಿಸುವ ಹಾಗಿಲ್ಲ. ಆಮೇಲೆ ಕಪ್ಪು ಪಟ್ಟೆ. ಬೋಜಣ್ಣ ಬರೆದ ಹುಲಿಯನ್ನು ಗುರುತಿಸುವುದಕ್ಕೆ ಒಂದು ಗುರುತು ಉಂಟು. ಎಡ ಹೆಗಲಿನ ಹಿಂದೆ, ಬೆನ್ನಿಗೆ ಇಳಿಯುವ ಕಡೆ, ಒಂದು ಪಟ್ಟೆಯನ್ನು ಅವರು ಪೂರ್ತಿ ಸೇರಿಸುವುದಿಲ್ಲ. ಬೆರಳಗಲ ಹಳದಿ ಬಿಡುತ್ತಾರೆ. ಅವರಿಗೆ ಕೆಲಸ ಕಲಿಸಿದ ನೋಣಯ್ಯ ಹಾಗೆ ಬಿಡುತ್ತಿದ್ದರು, ಇವರೂ ಬಿಡುತ್ತಾರೆ. ಬೋರ್ಡಿನ ಮೂಲೆಯಲ್ಲಿ ಹಾಕುತ್ತಿದ್ದ ಸಹಿ ಹೋದ ಮೇಲೆ ಅವರಿಗೆ ಉಳಿದ ಸಹಿ ಅದೊಂದೇ.

ಅಕ್ಟೋಬರಿನಲ್ಲಿ ಶೂಟಿಂಗ್ ಆಯಿತು. ಬೋಜಣ್ಣ ಬಣ್ಣ ಬರೆದರು, ಅನುಷ್ಕಾಳ ಚಿಕ್ಕಪ್ಪನ ಮಗ ಜಿತೇಶ್ ಕುಣಿದ. ಜನವರಿಯಿಂದ ಅನುಷ್ಕಾ ಒಂಬತ್ತನೇ ನಂಬರಿನ ಮುಂದೆ ಕೂತು ಹುಲಿಯನ್ನು ರಸ್ತೆಯಿಂದ ಕತ್ತರಿಸತೊಡಗಿದಳು. ಬೆರಳು, ಬಾಲ, ಕಿವಿ. ಅಂಚು ಸರಿಯಾದರೆ ಅಂಚೇ ಕಾಣುವುದಿಲ್ಲ. ಅವಳು ಎಷ್ಟು ಚೆನ್ನಾಗಿ ಮಾಡುತ್ತಾಳೋ ಅಷ್ಟು ಅವಳು ಇಲ್ಲವಾಗುತ್ತಾಳೆ. ಅತ್ತ ಯಶ್ಮಿತಾ ಮಾಡಿದ್ದೆಲ್ಲ ಕಣ್ಣಿಗೆ ಹೊಡೆಯುವಂಥದ್ದು. ಕಾಡು, ಬೆಳಕು, ಉರಿಯುವ ಕಣ್ಣು.

ಫೆಬ್ರವರಿಯಲ್ಲಿ ಇಜಾಝ್ ಸರ್ ಒಂದು ಸುದ್ದಿ ತಂದರು. ಪ್ರದರ್ಶನದ ದಿನ ಊರಿನದ್ದೇ ಒಂದು ಸ್ಟುಡಿಯೋದಿಂದ ಸೋನಿಯಾ ಮೇಡಂ ಬರುತ್ತಾರೆ. ಕಿರುಚಿತ್ರಗಳನ್ನು ನೋಡಿ ಒಬ್ಬರನ್ನು ಕೆಲಸಕ್ಕೆ ಆರಿಸುತ್ತಾರೆ. ಒಬ್ಬರನ್ನು ಮಾತ್ರ.

ಅಂದಿನಿಂದ ಅನುಷ್ಕಾಳ ಕಣ್ಣಿನಲ್ಲಿ ಒಂದು ಕುರ್ಚಿ ಕೂತುಬಿಟ್ಟಿತು. ಸ್ತಬ್ಧವಾಗದ ಕಂಪ್ಯೂಟರಿನ ಮುಂದಿನ ಕುರ್ಚಿ. ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ನೋಡಿದಾಗಲೆಲ್ಲ ಅವಳಿಗೆ ಯಶ್ಮಿತಾಳ ಜಡೆ ಕಾಣುತ್ತಿತ್ತು.

ಹನ್ನೊಂದನೇ ಶಾಟ್ ಅವಳ ಕೈಗೆ ಬಂದದ್ದು ಆಗ. ಆರು ಸೆಕೆಂಡಿನದ್ದು, ಎಂದರೆ ನೂರನಲವತ್ತನಾಲ್ಕು ಚಿತ್ರ. ಹುಲಿ ಕ್ಯಾಮರಾಕ್ಕೆ ಬೆನ್ನು ಹಾಕಿ ಅಡ್ಡಕ್ಕೆ ಹಾರುತ್ತದೆ. ಮೂವತ್ತೊಂದನೇ ಚಿತ್ರದಲ್ಲಿ ಅನುಷ್ಕಾಳ ಕೈ ನಿಂತಿತು. ಮುರಿದ ಪಟ್ಟೆ ಬಲ ಹೆಗಲಿನಲ್ಲಿತ್ತು.

ಏನಾಗಿದೆ ಎಂದು ಅವಳಿಗೆ ಕ್ಷಣದಲ್ಲಿ ತಿಳಿಯಿತು. ಉಳಿದ ಎಲ್ಲ ಶಾಟ್‌ಗಳಲ್ಲಿ ಹುಲಿ ಎಡದಿಂದ ಬಲಕ್ಕೆ ಹೋಗುತ್ತದೆ. ಇದರಲ್ಲಿ ಮಾತ್ರ ಜಿತೇಶ್ ಬಲದಿಂದ ಎಡಕ್ಕೆ ಹಾರಿದ್ದ. ಜೋಡಿಸುವಾಗ ದಿಕ್ಕು ಹೊಂದಲಿ ಎಂದು ಯಶ್ಮಿತಾ ಶಾಟನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಮಗುಚಿದ್ದಳು. ಎಲ್ಲರೂ ಮಾಡುವುದೇ. ಹಿಂದೆ ಅಂಗಡಿಯ ಬೋರ್ಡು ಇದ್ದಿದ್ದರೆ ಅಕ್ಷರ ತಿರುಗಿ ಕಂಡು ಸಿಕ್ಕಿಬೀಳುತ್ತಿತ್ತು. ಆದರೆ ಅಂಗಡಿಯನ್ನು ತೆಗೆದು ಅಲ್ಲಿ ಕಾಡು ಇಡಲಿಕ್ಕೆ ಅಲ್ಲವೇ ಅನುಷ್ಕಾ ಕತ್ತರಿಸುತ್ತಿದ್ದದ್ದು? ತಿರುಗಿದ್ದು ಉಳಿದದ್ದು ಹುಲಿಯ ಮೈಯಲ್ಲಿ ಮಾತ್ರ. ಮುಂದಿನ ಶಾಟಿನಲ್ಲಿ ಪಟ್ಟೆ ಮತ್ತೆ ಎಡಕ್ಕೆ ಹಾರುತ್ತದೆ.

ಹೇಳಿದ್ದರೆ ಎರಡು ದಿನದ ಕೆಲಸ. ಅವಳು ಹೇಳಲಿಲ್ಲ. ನಾಲ್ಕು ದಿನ ಕೂತು ಆ ತಪ್ಪು ಹುಲಿಯನ್ನೇ ಅಚ್ಚುಕಟ್ಟಾಗಿ ಕತ್ತರಿಸಿದಳು. ಅಷ್ಟು ಶ್ರದ್ಧೆಯಿಂದ ಅವಳು ಯಾವ ಶಾಟನ್ನೂ ಮಾಡಿರಲಿಲ್ಲ. ಮನಸ್ಸಿನಲ್ಲಿ ಒಂದು ವಾಕ್ಯ ಸಿದ್ಧ ಮಾಡಿಕೊಂಡಳು. ಸೋನಿಯಾ ಮೇಡಂ ತಪ್ಪು ಹಿಡಿದು ಕೇಳಿದರೆ, “ನನಗೆ ಕೊಟ್ಟ ಶಾಟ್ ಹಾಗೇ ಇತ್ತು ಮೇಡಂ.” ಸುಳ್ಳಲ್ಲ. ಹಾಗಾಗಿಯೇ ಅದು ಅವಳಿಗೆ ಇಷ್ಟವಾಗಿತ್ತು.

ಕೊನೆಯ ಜೋಡಣೆಯ ದಿನ ಯಶ್ಮಿತಾ ಪೆನ್ ಡ್ರೈವ್ ಹಿಡಿದು ಬಂದು ಪಕ್ಕದಲ್ಲಿ ಕೂತಳು.

“ಒಮ್ಮೆ ಪೂರ್ತಿ ನೋಡು ಮಾರಾಯ್ತಿ. ಎಂತಾದ್ರೂ ತಪ್ಪು ಉಂಟಾ ಹೇಳು. ನಿನ್ನ ಕಣ್ಣು ನನ್ನದ್ದಕ್ಕಿಂತ ಶಾರ್ಪ್.”

ಮೂರು ನಿಮಿಷ ಇಬ್ಬರೂ ನೋಡಿದರು. ಹನ್ನೊಂದನೇ ಶಾಟ್ ಬಂತು, ಹೋಯಿತು.

“ಎಂತ ಇಲ್ಲ,” ಎಂದಳು ಅನುಷ್ಕಾ. “ಎಲ್ಲ ಸರಿ ಉಂಟು.”

“ಹೌದಲ್ವಾ?”

“ಹೌದು ಅಂದೆ ಅಲ್ವಾ.”

ಯಶ್ಮಿತಾ ಅವಳ ಹೆಗಲು ತಟ್ಟಿ ಹೋದಳು. ತಟ್ಟಿದ್ದು ಎಡ ಹೆಗಲು.

ಪ್ರದರ್ಶನ ಏಪ್ರಿಲಿನ ಒಂದು ಶನಿವಾರ, ಬೆಳಿಗ್ಗೆ ಹತ್ತಕ್ಕೆ, ಕಾಲೇಜಿನ ಸಭಾಂಗಣದಲ್ಲಿ. ಬೋಜಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಬಂದಿದ್ದರು, ಉಗುರಿನ ಸಂದಿಯ ಪೇಂಟ್ ಮಾತ್ರ ಹಾಗೆಯೇ ಇತ್ತು. ಬಾಗಿಲಿನಲ್ಲಿ ತಾರಾನಾಥ ಶೆಟ್ಟರು ಎದುರಾದರು. ಬೋಜಣ್ಣನ ಬೆನ್ನು ತಾನಾಗಿಯೇ ಸ್ವಲ್ಪ ಬಾಗಿತು.

“ನಮಸ್ಕಾರ ಧಣಿ.”

“ಎಂತ ಧಣಿ ಮಾರಾಯ್ರೆ! ಅದೆಲ್ಲ ಅಜ್ಜಂದಿರ ಕಾಲಕ್ಕೆ ಆಯ್ತು,” ಎಂದು ಶೆಟ್ಟರು ನಕ್ಕು, ಬೋಜಣ್ಣನ ಕೈ ಹಿಡಿದು ಕುಲುಕಿದರು. “ನಿಮ್ಮ ಹುಲಿಯದ್ದೇ ಸುದ್ದಿ ನಮ್ಮ ಮನೆಯಲ್ಲಿ. ಬನ್ನಿ, ಒಟ್ಟಿಗೆ ಕೂರುವ.”

ಅನುಷ್ಕಾ ಮೂರು ಹೆಜ್ಜೆ ದೂರದಲ್ಲಿದ್ದಳು. ಆ ಬೆನ್ನು ಬಾಗಿದ್ದು ಅವಳಿಗೆ ಕಂಡಿತು. ಶೆಟ್ಟರ ನಗುವೂ ಕಂಡಿತು. ನಗುವಿನಲ್ಲಿ ಕೆಡುಕು ಇರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಇವತ್ತು ಅವರ ಮಗಳ ಹುಲಿ ಎಲ್ಲರೆದುರು ಎಡವಲಿ ಎಂದು ಮನಸ್ಸಿನಲ್ಲಿ ಅಂದುಕೊಂಡಳು. ಅಂದುಕೊಂಡದ್ದನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ.

ಚಿತ್ರ ಶುರುವಾಯಿತು. ಅನುಷ್ಕಾ ಪರದೆ ನೋಡಲಿಲ್ಲ, ಮುಂದಿನ ಸಾಲಿನಲ್ಲಿ ಕೂತ ಸೋನಿಯಾ ಮೇಡಂ ಮುಖವನ್ನೇ ನೋಡಿದಳು. ಹನ್ನೊಂದನೇ ಶಾಟ್ ಬಂತು. ಆರು ಸೆಕೆಂಡು. ಮೇಡಂ ಕಣ್ಣು ಕೂಡ ಮಿಟುಕಿಸಲಿಲ್ಲ. ಚಿತ್ರ ಮುಗಿಯಿತು, ಚಪ್ಪಾಳೆ ಬಿತ್ತು, ಅನುಷ್ಕಾಳ ನಾಲ್ಕು ದಿನದ ವಿಷ ಯಾರಿಗೂ ಏರಲಿಲ್ಲ.

ಸೋನಿಯಾ ಮೇಡಂ ಮೈಕ್ ಹಿಡಿದರು. “ಹುಲಿಯ ಪಟ್ಟೆ ತುಂಬ ಚೆನ್ನಾಗಿ ಉಂಟು. ಯಾರು ಮಾಡಿದ್ದು?”

ವೇದಿಕೆಯ ಮೇಲಿದ್ದ ಯಶ್ಮಿತಾ ಕೂಡಲೇ ಹೇಳಿದಳು. “ನಾನಲ್ಲ ಮೇಡಂ. ಅನುಷ್ಕಾಳ ಪಪ್ಪ ಬರೆದದ್ದು. ಅವರು ಬಂದಿದ್ದಾರೆ. ಅಂಕಲ್, ಬನ್ನಿ ಮೇಲೆ! ಪ್ಲೀಸ್.”

ಬೋಜಣ್ಣ ಬೇಡ ಬೇಡ ಎಂದು ಕೈ ಆಡಿಸಿದರು. ಶೆಟ್ಟರು ಎಬ್ಬಿಸಿ ಕಳಿಸಿದರು. ಮೂವತ್ತು ವರ್ಷ ಹುಲಿಗಳಿಗೆ ಬಣ್ಣ ಬರೆದ ಮನುಷ್ಯನಿಗೆ ಆ ದಿನ ಮೊದಲ ಬಾರಿ ಯಾರೋ ಮೈಕ್ ಕೊಟ್ಟರು.

“ನಿಮ್ಮ ಹುಲಿ ಹೇಗೆ ಕಂಡಿತು ನಿಮಗೆ?” ಎಂದು ಸೋನಿಯಾ ಮೇಡಂ ಕೇಳಿದರು.

“ಭಾರೀ ಲಾಯ್ಕ್ ಆಗಿದೆ, ಮೇಡಂ. ಮಕ್ಕಳು ತುಂಬ ಕಷ್ಟಪಟ್ಟಿದ್ದಾರೆ.” ಬೋಜಣ್ಣ ಹೆಬ್ಬೆರಳಿನಿಂದ ಇನ್ನೊಂದು ಕೈಯ ಉಗುರು ಉಜ್ಜುತ್ತ ನಿಂತರು. “ಒಂದು ಕಡೆ ಮಾತ್ರ… ನನ್ನ ಹುಲಿಗೆ ಎಡ ಹೆಗಲಲ್ಲಿ ಒಂದು ಪಟ್ಟೆ ಮುರಿದಿರ್ತದೆ. ಹಾರುವಾಗ ಅದು ಬಲದಲ್ಲಿ ಕಂಡಿತು. ಆ ದಿನ ನನ್ನದೇ ಕೈ ತಪ್ಪಿತೋ ಎಂತದೋ. ಮಕ್ಕಳ ಮಾರ್ಕ್ ಕಡಿಮೆ ಮಾಡ್ಬೇಡಿ, ತಪ್ಪು ನನ್ನದು.”

ಯಶ್ಮಿತಾ ಎರಡು ಹೆಜ್ಜೆ ಮುಂದೆ ಬಂದಳು. “ಅಯ್ಯೋ! ಅಂಕಲ್, ನೀವಲ್ಲ. ನಾನು ಆ ಶಾಟ್ ಮಗುಚಿದ್ದು. ನನಗೆ ಗೊತ್ತೇ ಆಗ್ಲಿಲ್ಲ. ಮೇಡಂ, ನನ್ನ ತಪ್ಪು ಅದು.”

ಸೋನಿಯಾ ಮೇಡಂ ಕೈಯಲ್ಲಿದ್ದ ಹಾಳೆ ನೋಡಿದರು. “ರೋಟೋ ಅನುಷ್ಕಾ. ಯಾರು? ನೀನಾ? ಆ ಶಾಟಿಗೆ ಎಷ್ಟು ದಿನ ಕೂತಿದ್ದಿ?”

“ನಾಲ್ಕು ದಿನ ಮೇಡಂ.”

“ನಿನ್ನ ಪಪ್ಪನಿಗೆ ಆರು ಸೆಕೆಂಡಲ್ಲಿ ಕಂಡದ್ದು ನಿನಗೆ ನಾಲ್ಕು ದಿನದಲ್ಲಿ ಕಾಣ್ಲಿಲ್ವಾ?”

ಸಿದ್ಧ ಮಾಡಿಟ್ಟ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ನನಗೆ ಕೊಟ್ಟ ಶಾಟ್ ಹಾಗೇ ಇತ್ತು. ಅದನ್ನು ಹೇಳಿದರೆ ಕಾಣಲಿಲ್ಲ ಎಂದಾಗುತ್ತದೆ, ಕಣ್ಣಿಲ್ಲದವಳಿಗೆ ಕುರ್ಚಿ ಇಲ್ಲ. ಕಂಡಿತ್ತು ಎಂದರೆ ಎಂಥವಳು ಎಂದು ಎಲ್ಲರಿಗೂ ತಿಳಿಯುತ್ತದೆ, ಅಂಥವಳಿಗೂ ಕುರ್ಚಿ ಇಲ್ಲ. ಅವಳು ವೇದಿಕೆಯ ಕಡೆ ನೋಡಿದಳು. ಅಪ್ಪ ಇನ್ನೂ ಉಗುರು ಉಜ್ಜುತ್ತಿದ್ದರು. ಯಶ್ಮಿತಾ ಹೇಳಿದ್ದನ್ನು ಅವರು ನಂಬಿರಲಿಲ್ಲ. ದೊಡ್ಡ ಮನೆಯ ಹುಡುಗಿ ಈ ಬಣ್ಣ ಬರೆಯುವವನ ಮರ್ಯಾದೆ ಉಳಿಸಲು ತಪ್ಪು ಮೇಲೆ ಹಾಕಿಕೊಳ್ಳುತ್ತಿದ್ದಾಳೆ ಎಂದುಕೊಂಡಂತಿತ್ತು.

“ಕಂಡಿತ್ತು,” ಎಂದಳು ಅನುಷ್ಕಾ. “ಮೊದಲ ದಿನವೇ ಕಂಡಿತ್ತು. ಪಪ್ಪ ಸರಿಯಾಗಿಯೇ ಬರೆದಿದ್ದಾರೆ. ನಾನು ಹೇಳ್ಲಿಲ್ಲ.”

“ಎಂತಕ್ಕೆ?”

“ಹೊಟ್ಟೆಕಿಚ್ಚು ಮೇಡಂ.”

ಸಭಾಂಗಣದಲ್ಲಿ ದೊಡ್ಡ ನಗು ಎದ್ದಿತು. ತಮಾಷೆ ಎಂದುಕೊಂಡರು. ನಗದೇ ಇದ್ದವರು ನಾಲ್ಕು ಜನ: ಕೇಳಿದವರು, ಹೇಳಿದವಳು, ಮತ್ತು ವೇದಿಕೆಯ ಮೇಲಿದ್ದ ಇಬ್ಬರು.

ಮಧ್ಯಾಹ್ನ ಸೋನಿಯಾ ಮೇಡಂ ಅವಳನ್ನು ಪಕ್ಕಕ್ಕೆ ಕರೆದು ಹೇಳಿದರು. “ನಿನ್ನಂಥ ಕೈ ನಾನು ನೋಡಿದ್ದು ಕಡಿಮೆ. ಆದ್ರೆ ನನಗೆ ಕಣ್ಣಿನ ಒಟ್ಟಿಗೆ ಬಾಯಿಯೂ ಬೇಕು. ಕಂಡದ್ದನ್ನು ಹೇಳದಿದ್ರೆ ಆ ಕಣ್ಣು ನನಗೆ ಎಂತಕ್ಕೆ?” ಕುರ್ಚಿ ಯಶ್ಮಿತಾಳಿಗೆ ಹೋಯಿತು.

ಸತ್ಯ ಹೇಳಿದ ಮೇಲೆ ಮನಸ್ಸು ಹಗುರವಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆಗಲಿಲ್ಲ. ಕುಲಶೇಖರದ ಬಸ್ಸಿನ ಕಿಟಕಿಯ ಪಕ್ಕ ಕೂತ ಅನುಷ್ಕಾಳಿಗೆ ಬೆಳಿಗ್ಗೆಗಿಂತ ಹೆಚ್ಚು ಉರಿಯುತ್ತಿತ್ತು. ಯಾರೂ ಕೇಳುವ ಮೊದಲೇ ‘ನನ್ನ ತಪ್ಪು’ ಎಂದು ಎಷ್ಟು ಸಲೀಸಾಗಿ ಹೇಳಿದಳು ಯಶ್ಮಿತಾ! ಅದರಲ್ಲೂ ಹೆದರಿಕೆ ಇಲ್ಲ. ಅದೂ ಆ ಮನೆಯದ್ದೇ ಸೊತ್ತು. ತಪ್ಪಿಗೆ ಬೆಲೆ ತೆರಬೇಕಾಗಿಲ್ಲದವರ ಬಾಯಲ್ಲಿ ತಪ್ಪು ಕೂಡ ಆಭರಣದ ಹಾಗೆ ಹೊಳೆಯುತ್ತದೆ. ಅನುಷ್ಕಾ ಹೇಳಿದ ಸತ್ಯಕ್ಕೆ ನಗು ಸಿಕ್ಕಿತು.

ಈ ಲೆಕ್ಕ ತಪ್ಪು ಎಂದು ಯಾರೂ ಹೇಳಬೇಡಿ. ಈ ಲೆಕ್ಕ ಸರಿ ಇದೆ. ಆದರೆ ಅದೇ ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರು.

“ನಾನು ಅಲ್ಲಿ ನಿಂತು ಗ್ರಹಿಸಿದೆ,” ಎಂದರು ಬೋಜಣ್ಣ, ಎದುರಿನ ಸೀಟಿನ ಕಂಬಿ ನೋಡುತ್ತ. “ಮೂವತ್ತು ವರ್ಷದಲ್ಲಿ ಮೊದಲ ಸಲ ಕೈ ತಪ್ಪಿತು ಅಂತ. ಇನ್ನು ಈ ವರ್ಷ ಬ್ರಷ್ ಹಿಡಿಯುದು ಬೇಡ ಅಂತ ಕೂಡ ಗ್ರಹಿಸಿದೆ.”

ಅನುಷ್ಕಾ ಕೈಯಲ್ಲಿದ್ದ ಟಿಕೆಟನ್ನು ಮಡಚಿ ಮಡಚಿ ಚಿಕ್ಕದು ಮಾಡಿದಳು.

“ಆ ಹುಡುಗಿ ಮೇಲೆ ನಿನಗೆ ಕೋಪವಾ ಮಗಾ?”

“ಕೋಪ ಅಲ್ಲ.”

“ಮ್. ನೋಣಯ್ಯನಿಗೂ ನನ್ನ ಮೇಲೆ ಇತ್ತು, ಅದು. ನಾನು ಬೇಗ ಕಲಿತೆ ಅಂತ. ಒಂದು ಸಲ ನಾನು ಬಣ್ಣಕ್ಕೆ ವಾರ್ನಿಶ್ ಜಾಸ್ತಿ ಹಾಕಿದ್ದು ನೋಡಿ ಸುಮ್ಮನೆ ಬೀಡಿ ಎಳೀತಾ ಕೂತ್ರು. ನನಗೆ ಎಂತ ಆಗ್ಲಿಲ್ಲ. ಮೈ ಸುಟ್ಟದ್ದು ವೇಷ ಹಾಕಿದವನಿಗೆ. ಹದಿನೈದು ದಿನ ಬಾಳೆಎಲೆ ಮೇಲೆ ಮಲಗಿದ್ದ.” ಬೋಜಣ್ಣ ಕಂಬಿ ಹಿಡಿದು ಎದ್ದರು. “ಇಳಿ, ಸ್ಟಾಪ್ ಬಂತು.”

ಸೋಮವಾರ ಬೆಳಿಗ್ಗೆ ಅನುಷ್ಕಾ ಲ್ಯಾಬಿಗೆ ಬಂದಾಗ ಒಂಬತ್ತನೇ ನಂಬರಿನ ಮುಂದೆ ಯಶ್ಮಿತಾ ಕೂತಿದ್ದಳು. ಮುಖ ಎತ್ತಲಿಲ್ಲ. ಪೆನ್ ಡ್ರೈವ್ ಮೇಜಿನ ಮೇಲಿತ್ತು.

“ಹನ್ನೊಂದನೇ ಶಾಟ್ ಸರಿ ಮಾಡ್ಬೇಕು,” ಎಂದಳು. “ಅಂಕಲ್‌ಗೆ ತೋರಿಸ್ಲಿಕ್ಕೆ. ನನಗೆ ಒಬ್ಳಿಗೆ ಆಗುದಿಲ್ಲ, ಪಟ್ಟೆ ನನಗೆ ಬರುದಿಲ್ಲ.”

“ನಿನ್ನ ಮನೆಯಲ್ಲಿ ಮಾಡ್ಬಹುದಿತ್ತಲ್ಲ. ಎಸಿ ಉಂಟು.”

“ಹೌದು. ಅಲ್ಲಿ ನೀನಿಲ್ಲ.” ಯಶ್ಮಿತಾ ಆಗ ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು. “ನಾನು ಕೇಳಿದೆ ಅಲ್ವಾ ನಿನ್ನತ್ರ. ತಪ್ಪು ಉಂಟಾ ಅಂತ ಬಾಯಿ ಬಿಟ್ಟು ಕೇಳಿದೆ. ಅದೊಂದು ನಾನು ಮರೆಯುದಿಲ್ಲ. ಈಗ ಬಾ, ಇಲ್ಲಿ ಕೂರು.”

ಎರಡು ದಿನ ಕೂತರು. ಶಾಟ್ ಮಗುಚಿದ ಹಾಗೆಯೇ ಉಳಿಯಿತು, ದಿಕ್ಕು ಹೊಂದಬೇಕಲ್ಲ. ಬಲ ಹೆಗಲಿನ ಮುರಿದ ಪಟ್ಟೆಯನ್ನು ಅನುಷ್ಕಾ ಸೇರಿಸಿದಳು, ಎಡದಲ್ಲಿ ಬೆರಳಗಲ ಹಳದಿ ಬಿಟ್ಟಳು, ನೂರನಲವತ್ತನಾಲ್ಕು ಸಲ. ಕಂಪ್ಯೂಟರ್ ಎಂಟು ಸಲ ನಿಂತಿತು. ಇಬ್ಬರೂ ಕೈಕಟ್ಟಿ ಕಾದರು. ಗೆಳತಿಯರಾದರು ಎಂದು ಬರೆಯಲಾರೆವು. ಮುಂದಿನ ತಿಂಗಳು ಯಶ್ಮಿತಾ ಸ್ಟುಡಿಯೋದ ಆ ಕುರ್ಚಿಗೆ ಹೋದಳು, ಅನುಷ್ಕಾ ಇನ್ನೂ ಅರ್ಜಿ ಹಾಕುತ್ತಿದ್ದಾಳೆ, ಅವಳ ಕಿಚ್ಚು ಆರಿಲ್ಲ. ಆರಬೇಕು ಎಂದು ಬುದ್ಧಿ ಹೇಳುವ ಹಕ್ಕು, ಬೇರೆಯವರ ಕೋಣೆಯನ್ನು ತಮ್ಮ ಲ್ಯಾಬ್ ಎಂದು ಅಚ್ಚು ಹಾಕಿಸಿದವರಿಗೆ ಇಲ್ಲ, ಮೆತ್ತನೆಯ ಸೀಟಿನಲ್ಲಿ ಕೂತು ನಕ್ಕವರಿಗೂ ಇಲ್ಲ. ಕಿಚ್ಚು ಅವಳದ್ದು, ಇಟ್ಟುಕೊಳ್ಳಲಿ. ಆದರೆ ಮೌನ ಅವಳೊಬ್ಬಳದ್ದಲ್ಲ, ಅದರ ಪೆಟ್ಟು ಬಿದ್ದದ್ದು ಬೋಜಣ್ಣನಿಗೆ.

ಈ ವಾರ ನಿಮಗೂ ಒಂದು ಮುರಿದ ಪಟ್ಟೆ ಕಂಡಿದೆ. ಪಕ್ಕದ ಮೇಜಿನವನ ಕಡತದಲ್ಲಿ, ನಿಮ್ಮನ್ನು ದಾಟಿ ಬಡ್ತಿ ಪಡೆದವಳ ವರದಿಯಲ್ಲಿ, ತಮ್ಮನ ಹೊಸ ಮನೆಯ ಗೋಡೆಯಲ್ಲಿ. ಅವರು ಬಂದು ಕೇಳಿದರು, ನೀವು ಎಲ್ಲ ಸರಿ ಉಂಟು ಎಂದಿರಿ. ಆ ಗೋಡೆಯ ಕೆಳಗೆ ಯಾರು ನಿಂತಿದ್ದಾರೆ ಎಂದು ನಿಮಗೆ ಗೊತ್ತಿಲ್ಲ. ಕಿಚ್ಚನ್ನು ಬೇಕಾದರೆ ಹೊಟ್ಟೆಯಲ್ಲೇ ಇಟ್ಟುಕೊಳ್ಳಿ, ಈ ಪುಟ ಮಡಚಿ ಎದ್ದು ಹೋಗಿ, ಕಂಡದ್ದನ್ನು ಇವತ್ತೇ ಹೇಳಿ.